ಪಿನ್ನಣ್ಣ ಎಂಬ ಹೆಸರು ಯಾರದು

ಇಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅತ್ತಿಗೆಗೆ, ಅವರ ಮಗಳಿಗೆ — ನಿಮಗೆ ಬೇರೆಯಾಗಿಯೇ ನಮಸ್ಕಾರ. ಕುರ್ಚಿಗೆ ಗ್ರೀಸು ಹತ್ತಿರಬಹುದು, ನೋಡಿಕೊಂಡು ಒರಗಿ. ಜೀಪುಗಳನ್ನೆಲ್ಲ ಹೊರಗೆ ನಿಲ್ಲಿಸಿ ನೆಲ ತೊಳೆದಿದ್ದೇವೆ ನಿಜ, ಆದರೂ ಇದು ವರ್ಕ್‌ಶಾಪೇ.

ನಾನು ಇಲ್ಲಿನ ಫೋರ್‌ಮನ್. ನಮ್ಮನ್ನು ಅಗಲಿದ ಹಿರಿಯ ಮೆಕ್ಯಾನಿಕ್ ಅವರ ಪಕ್ಕದ ಬೆಂಚಿನಲ್ಲಿ ಕೆಲಸ ಕಲಿತವನು. ನನಗೆ ಬೇಗ ಅಳು ಬರುವುದಿಲ್ಲ, ತಪ್ಪು ತಿಳಿಯಬೇಡಿ. ಭಾಷಣವೂ ಬರುವುದಿಲ್ಲ. ಆದರೆ ಬಾಗಿಲಿನ ಬ್ಯಾನರ್ ನೋಡಿದಿರಲ್ಲ — "ನಮ್ಮ ಪ್ರೀತಿಯ ಪಿನ್ನಣ್ಣ" ಅಂತ. ಪ್ರೀತಿ ನಿಜ. ಆ ಹೆಸರು ಮಾತ್ರ ಅವರದಲ್ಲ. ಅದನ್ನು ಅವರ ಮೇಲಿಂದ ಇಳಿಸುವುದಕ್ಕೇ ನಾನು ಈ ಮೈಕು ಕೇಳಿ ತೆಗೆದುಕೊಂಡಿದ್ದು.

ಮೊದಲು ಅವರ ಕೆಲಸದ ಬಗ್ಗೆ ಎರಡು ಮಾತು. ಹಳೇ ಜೀಪಿನ ಗೇರ್ ಬಾಕ್ಸ್ ಇಳಿಸಿದರೆ ನಾವೆಲ್ಲ ಮೊದಲು ಸ್ಪ್ಯಾನರ್ ಹುಡುಕುತ್ತೇವೆ. ಅಣ್ಣ ಹಳೇ ಆಯಿಲನ್ನು ಎರಡು ಬೆರಳಿನ ನಡುವೆ — ಹೀಗೆ — ಉಜ್ಜುತ್ತಿದ್ದರು. ಹಿತ್ತಾಳೆಯ ಹೊಳಪು ಕಂಡರೆ, "ರಿಂಗು ಸವೆದಿದೆ." ಕಬ್ಬಿಣದ ತರಿ ಸಿಕ್ಕರೆ, "ಹಲ್ಲು ಹೋಗಿದೆ." ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಸೂಜಿಯಂಥ ರೋಲರ್‌ಗಳನ್ನು ಒಂದೊಂದಾಗಿ ಗ್ರೀಸಿನಲ್ಲಿ ಅಂಟಿಸಿ ಕೂರಿಸುವಾಗ ಅವರ ಹತ್ತಿರ ಸೀನುವುದಕ್ಕೂ ನಮಗೆ ಧೈರ್ಯವಿರಲಿಲ್ಲ. ಒಂದು ಬಿದ್ದರೆ ಎಲ್ಲ ತೆಗೆದು ಮತ್ತೆ ಮೊದಲಿಂದ. ಬೈಯುತ್ತಿರಲಿಲ್ಲ. ಕನ್ನಡಕದ ಮೇಲಿಂದ ಒಂದು ಸಲ ನೋಡುತ್ತಿದ್ದರು, ಅದಕ್ಕಿಂತ ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಇಂಥ ಮನುಷ್ಯನನ್ನು ಹದಿನಾಲ್ಕು ವರ್ಷ ನಾವು ಪಿನ್ನಣ್ಣ ಅಂದೆವು. ಪಿನ್ನು ಹಾಕಲು ಮರೆತವನು ಅಂತ. ನಾನೂ ಅಂದೆ — ಅದನ್ನೂ ಹೇಳಿಬಿಡುತ್ತೇನೆ.

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ವಿವರಿಸುತ್ತೇನೆ. ಗೇರ್ ಬಾಕ್ಸಿನ ಮುಚ್ಚಳದಲ್ಲಿ ಎರಡು ಸರಳುಗಳಿರುತ್ತವೆ. ಗೇರ್ ಹಾಕಿದಾಗ ಒಂದು ಸರಿಯಬೇಕು, ಇನ್ನೊಂದು ಕದಲಬಾರದು. ಅದನ್ನು ಕಾಯುವುದಕ್ಕೆ ನಡುವೆ ಒಂದು ಪಿನ್ನು, ಇಷ್ಟೇ ಇಷ್ಟು — ನನ್ನ ಕಿರುಬೆರಳಿನ ಉಗುರಿನಷ್ಟು. ಅದು ಇಲ್ಲದಿದ್ದರೂ ಬೆಂಚಿನ ಮೇಲೆ ಎಲ್ಲ ಗೇರೂ ಬೆಣ್ಣೆಯ ಹಾಗೆ ಬೀಳುತ್ತವೆ. ಇಳಿಜಾರಿನಲ್ಲಿ ಅವಸರಕ್ಕೆ ಲಿವರ್ ಎಳೆದಾಗ ಮಾತ್ರ, ಒಮ್ಮೊಮ್ಮೆ, ಎರಡು ಗೇರು ಒಟ್ಟಿಗೆ ಕಚ್ಚಿಕೊಳ್ಳುತ್ತವೆ. ಚಕ್ರ ನಿಂತುಬಿಡುತ್ತದೆ.

ಹದಿನಾಲ್ಕು ವರ್ಷದ ಹಿಂದಿನ ಆ ಭಾನುವಾರ ಇಲ್ಲಿ ಇದ್ದವರು ಅಣ್ಣ, ನಾನು, ಇಬ್ಬರೇ. ನಿವೃತ್ತ ಸರ್ವೇಯರ್ ಸಾಹೇಬರ ಜೀಪು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳು, ಇನ್ನೂ ಕಾಯಂ ಆಗಿರಲಿಲ್ಲ. "ಈ ಬಾಕ್ಸು ಪೂರ್ತಿ ನೀನೇ ಕೂಡಿಸು, ನಾನು ಮುಟ್ಟಲ್ಲ," ಅಂದರು ಅಣ್ಣ. ಪಿನ್ನು ಚಿಕ್ಕದು, ಉರುಳಿ ಎಲ್ಲಾದರೂ ಹೋದೀತು ಅಂತ ನಾನು ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಜೋಪಾನ ಮಾಡಿದೆ ನೋಡಿ! ಇಬ್ಬರೂ ಸೇರಿ ಬಾಕ್ಸನ್ನು ಟ್ರಾಲಿಯಲ್ಲಿ ಎತ್ತಿ, ಶಾಫ್ಟನ್ನು ಕ್ಲಚ್ ಪ್ಲೇಟಿಗೆ ಕೂರಿಸಿ, ಬೋಲ್ಟು ಬಿಗಿದೆವು.

ನಮ್ಮ ವರ್ಕ್‌ಶಾಪಿನ ಪದ್ಧತಿ ನಿಮಗೆ ಗೊತ್ತು. ಬಾಕ್ಸು ಕೂಡಿಸಿದವನೇ ಮೊದಲ ಸಲ ಗಾಡಿ ಓಡಿಸಬೇಕು. ಆವತ್ತು ನಾನು ಓಡಿಸಬೇಕಿತ್ತು. ಆದರೆ ನಾಲ್ಕು ಗಂಟೆಯ ಬಸ್ಸಿಗೆ ಹೆಂಡತಿಯ ಜೊತೆ ಬಾಡಿಗೆ ಮನೆ ನೋಡಲು ಹೋಗಬೇಕು — ಗಡಿಯಾರ ನೋಡುತ್ತಲೇ ಇದ್ದೆ. ಅಣ್ಣ ನಕ್ಕರು. "ಹೊರಡೋ ಮಾರಾಯ, ಇಲ್ಲದಿದ್ರೆ ಮನೇಲಿ ನಿನ್ನ ಗೇರು ಬದಲಾಯಿಸ್ತಾರೆ. ಒಂದು ರೌಂಡು ನಾನೇ ಹೊಡೀತೀನಿ."

ವರ್ಕ್‌ಶಾಪಿನ ಹಿಂದಿನ ಇಳಿಜಾರಿನಲ್ಲಿ, ಎರಡರಿಂದ ಒಂದಕ್ಕೆ ಹಾಕುವಾಗ, ಚಕ್ರ ಕಚ್ಚಿತು. ಜೀಪು ಚರಂಡಿಗೆ ಬಿತ್ತು. ಅವರ ಮೊಣಕಾಲಿನ ಚಿಪ್ಪು ಒಡೆಯಿತು.

ಮಾರನೆಯ ಬೆಳಿಗ್ಗೆ ಅಂಗಿ ಒಗೆಯಲು ಕೊಡವಿದಾಗ ಟಣ್ ಅಂತ ಬಿತ್ತು ಪಿನ್ನು. ಅಪಘಾತದ ಸುದ್ದಿ ರಾತ್ರಿಯೇ ಕಿವಿಗೆ ಬಿದ್ದಿತ್ತು. ಆಸ್ಪತ್ರೆಗೆ ಓಡಿದೆ. ಅಷ್ಟರಲ್ಲಿ ಇಲ್ಲಿ ಬಾಕ್ಸು ಬಿಚ್ಚಿ ನೋಡಿಯೂ ಆಗಿತ್ತು, ಓಡಿಸಿದವರು ಅಣ್ಣ, ಹಾಗಾಗಿ ಕೂಡಿಸಿದವರೂ ಅಣ್ಣನೇ ಅಂತ ತೀರ್ಮಾನವೂ ಆಗಿತ್ತು. ನಾನು ಅಂಗೈಯಲ್ಲಿ ಪಿನ್ನು ಹಿಡಿದು ನಿಂತೆ. ಅಣ್ಣ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಅಣ್ಣ. ಈಗಲೇ ಹೋಗಿ ಹೇಳ್ತೀನಿ."

"ಸುಮ್ನಿರು. ಹೋದ ತಿಂಗಳು ಬ್ರೇಕ್ ಬೋಲ್ಟು ಬಿಗಿಯಲಿಲ್ಲ ಅಂತ ಒಬ್ಬನನ್ನ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದು ನೋಡಿದ್ಯಲ್ಲ. ನನ್ನನ್ನ ಕಳಿಸಲ್ಲ. ಓಡಿಸಿದವನು ನಾನು, ಬಾಕ್ಸೂ ನಂದೇ."

ನಾನು ಸುಮ್ಮನಾದೆ. ಹೇಳಬಹುದಿತ್ತು. ಎರಡು ತಿಂಗಳ ಮೇಲೆ ಕಾಯಂ ಆದೆ, ಆಗಲೂ ಹೇಳಬಹುದಿತ್ತು. ಫೋರ್‌ಮನ್ ಕುರ್ಚಿ ಖಾಲಿಯಾದಾಗ, "ಪಿನ್ನು ಮರೆಯೋರಿಗೆ ಹೇಗೆ ಕೊಡೋದು" ಅಂತ ಅವರನ್ನು ಬಿಟ್ಟು ನನಗೆ ಕೊಟ್ಟರು. ಆಗ — ಆಗಂತೂ ಹೇಳಲೇಬೇಕಿತ್ತು. ಅಣ್ಣ ಬಂದು ಕೈ ಕುಲುಕಿ, "ಕೂತ್ಕೋ ಹೋಗು. ಮೊಣಕಾಲು ಮಡಚೋಕಾಗದವನಿಗೆ ಕುರ್ಚಿ ಯಾಕೆ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅತ್ತಿಗೆ, ನೀವು ಅವರ ಊಟದ ಡಬ್ಬಿಯಲ್ಲಿ ಚೀಟಿ ಇಡುತ್ತಿದ್ದಿರಿ — "ಎಲ್ಲ ಪಿನ್ನು ಹಾಕಿದ್ರಾ?" ಅಂತ. ಅವರು ನಮಗೆಲ್ಲ ತೋರಿಸಿ ನಗುತ್ತಿದ್ದರು. ಅವರ ಮಗಳು ನೀವು, ಅಮ್ಮಾ, ಅಪ್ಪನಿಗೆ ಮರೆವು ಅಂತ ಹೆದರಿ ನಿಮ್ಮ ಮಗುವನ್ನು ಅವರೊಬ್ಬರ ಜೊತೆ ಜೀಪಿನಲ್ಲಿ ಒಂದು ದಿನವೂ ಕಳಿಸಲಿಲ್ಲ. ಅದಕ್ಕೆ ಅವರು ನಗಲಿಲ್ಲ. ಮಧ್ಯಾಹ್ನ ಊಟ ಬಿಟ್ಟು ಬೆಂಚಿನ ಹತ್ತಿರ ಸುಮ್ಮನೆ ನಿಂತಿದ್ದರು. ನಾನು ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ. ನಿಮ್ಮ ಮನೆಯವರಿಗೆ ಮರೆವು ಇರಲಿಲ್ಲ, ಅತ್ತಿಗೆ. ಆ ಜೀಪಿನಲ್ಲಿ ಅವರಷ್ಟು ಕ್ಷೇಮವಾಗಿ ಮಗುವನ್ನು ಕರೆದುಕೊಂಡು ಹೋಗುವವರು ಈ ಊರಲ್ಲೇ ಇರಲಿಲ್ಲ. ನಾಚಿಕೆಯಾಗುತ್ತಿದೆ ನನಗೆ.

ಯಜಮಾನರು ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ. ಯಜಮಾನರೇ, ನೀವು ಏನು ತೀರ್ಮಾನ ಮಾಡಿದರೂ ನನ್ನ ತಕರಾರಿಲ್ಲ. ಕುರ್ಚಿ ಬಿಡು ಅಂದರೆ ಅವರ ಬೆಂಚು ಖಾಲಿ ಇದೆ, ಅಲ್ಲಿ ನಿಲ್ಲುತ್ತೇನೆ. ಹೊರಗೆ ಹೋಗು ಅಂದರೆ ಹೋಗುತ್ತೇನೆ. ಗೆಳೆಯರೇ, ಇನ್ನು ಯಾರಾದರೂ ಪಿನ್ನಣ್ಣ ಅಂತ ಕರೆದರೆ ತಿರುಗಿ ನೋಡಬೇಕಾದವನು ನಾನು.

ಇಷ್ಟೇ. ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಹದಿನಾಲ್ಕು ವರ್ಷ ನಾನು ನನಗೋಸ್ಕರ ಮೌನವಾಗಿದ್ದೆ. ಈ ಒಂದು ನಿಮಿಷ ಅವರಿಗೋಸ್ಕರ.