ಎಡಗೈ ಗಂಟು

ನಗೋದಿದ್ದರೆ ಈಗಲೇ ನಕ್ಕು ಮುಗಿಸಿ. ನಡುವೆ ಯಾರಾದರೂ ಕಿಸಕ್ ಅಂದರೆ ನಾನು ಎದ್ದು ಹೋಗ್ತೀನಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ದೊಡ್ಡಪ್ಪನ ದೊಡ್ಡ ಮಗ, ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾನಲ್ಲ, ಅವನಿಗೆ ಆದದ್ದು. ಮನೆಯಲ್ಲಿ ನಾವೆಲ್ಲ ಅವನನ್ನು ಅಣ್ಣ ಅಂತೀವಿ.

ಆ ದಿನ ಅಣ್ಣ ಮನೆ ಬಿಟ್ಟಾಗ ಇನ್ನೂ ಕತ್ತಲು. ನಾಲ್ಕೂವರೆ ಇರಬೇಕು. ಬೀದಿಯಲ್ಲಿ ಒಂದು ನಾಯಿಯೂ ಎದ್ದಿರಲಿಲ್ಲ. ಹೆಗಲಲ್ಲಿ ಕ್ಯಾಮೆರಾ ಚೀಲ, ಬೆನ್ನಿಗೆ ಕಟ್ಟಿದ ಮೂಟೆ, ಕೈಯಲ್ಲಿ ಟ್ರೈಪಾಡ್. ಒಬ್ಬನೇ ಕೆರೆಯ ದಾರಿ ಹಿಡಿದ. ಒಂದು ವರ್ಷದಿಂದ ಅವನು ಆ ದಾರಿ ತುಳಿದಿರಲಿಲ್ಲ. ದಾರಿಯಲ್ಲಿ ಹಾಳುಬಾವಿ ಸಿಗುತ್ತೆ. ಅದು ಹತ್ತಿರ ಬಂದಾಗ ಟಾರ್ಚ್ ಆರಿಸಿದ. ಕಣ್ಣಿಗೆ ಬೀಳೋದು ಬೇಡ ಅಂತ...

ಬಾವಿ ದಾಟಿದ. ಹಿಂದೆ ಸದ್ದಾಯಿತು.

ಚರಪ್... ಚರಪ್... ಒದ್ದೆ ಚಪ್ಪಲಿಯ ಸದ್ದು.

ಅವನು ನಿಂತ. ಅದೂ ನಿಂತಿತು.

ಇಲ್ಲೊಂದು ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ತಲೆಗೆ ಹತ್ತಲ್ಲ. ಅಣ್ಣನಿಗೆ ಮಿಂಚುಳ್ಳಿಯ ಹುಚ್ಚು. ಅದು ಬಲು ಹುಷಾರಿ ಹಕ್ಕಿ, ಮನುಷ್ಯನ ನೆರಳು ಕಂಡರೂ ಆ ಕಡೆ ಸುಳಿಯಲ್ಲ. ಅದಕ್ಕೆ ಕೆರೆಯ ದಡದಲ್ಲಿ ಸಣ್ಣದೊಂದು ಬಟ್ಟೆ ಗುಡಾರ ಹಾಕಿ, ಒಳಗೆ ಕೂತು, ಕಿಂಡಿಯಿಂದ ಲೆನ್ಸ್ ಚಾಚಿ ಫೋಟೋ ತೆಗೀಬೇಕು. ಆದರೆ ನೀವು ಒಳಗೆ ನುಗ್ಗೋದನ್ನೇ ಅದು ಎದುರು ಮರದಿಂದ ನೋಡಿರುತ್ತೆ. ಮಸುಕು ಬೆಳಕಿಗೇ ಹಕ್ಕಿಗಳು ಎದ್ದಿರುತ್ತವೆ, ನಮ್ಮ ಹಾಗೆ ಸೋಮಾರಿಗಳಲ್ಲ. ಅದಕ್ಕೆ ಫೋಟೋದವರ ಒಂದು ಉಪಾಯ ಇದೆ. ಇಬ್ಬರು ಒಳಗೆ ಹೋಗೋದು. ಸ್ವಲ್ಪ ಹೊತ್ತಿಗೆ ಒಬ್ಬ ಹೊರಗೆ ಬಂದು, ಕಾಣೋ ಹಾಗೆ, ಕೇಳೋ ಹಾಗೆ, ನಡೆದು ಹೋಗಿಬಿಡೋದು. ಹಕ್ಕಿಗೆ ಎಣಿಸೋಕೆ ಬರಲ್ಲ. ಗುಡಾರ ಖಾಲಿಯಾಯಿತು ಅಂದುಕೊಂಡು ಬಂದು ಕೂರುತ್ತೆ.

ಹೊರಗೆ ಹೋಗೋ ಆ ಒಬ್ಬ, ಅಣ್ಣನ ತಮ್ಮ. ಎಲ್ಲಾ ಎಡಗೈಯಲ್ಲೇ ಮಾಡೋನು, ಅದಕ್ಕೆ ಊರೆಲ್ಲ ಎಡಚ ಅಂತಲೇ ಕರೆಯೋದು. ಟೈಲರ್. ಆ ಗುಡಾರ ಹೊಲಿದವನೂ ಅವನೇ. ಹೊರಗೆ ಬಂದು, ಗಾಳಿಗೆ ಬಟ್ಟೆ ಪಟಪಟ ಅನ್ನಬಾರದು ಅಂತ ಗುಡಾರದ ಬಾಯಿಗೆ ದಾರ ಬಿಗಿದು ಗಂಟು ಹಾಕುತ್ತಿದ್ದ. ನಾವೆಲ್ಲ ಸುತ್ತೋ ಕಡೆಗೆ ಅಲ್ಲ, ಉಲ್ಟಾ ಸುತ್ತಿ. ಅದನ್ನು ಒಳಗಿಂದ ಕೈ ತೂರಿಸಿ ಬಿಚ್ಚೋ ಹೊತ್ತಿಗೆ ಅಣ್ಣನಿಗೆ ಸಾಕುಸಾಕಾಗುತ್ತಿತ್ತು. ಗಂಟು ಹಾಕಿದ ಮೇಲೆ ಎಡಚ ಕೆರೆಗೆಲ್ಲ ಕೇಳೋ ಹಾಗೆ, "ನಾನು ಹೊರಟೆ ಸ್ವಾಮಿ, ನೀವು ತಿಂಡಿಗೆ ಬನ್ನಿ!" ಅಂತ ಹಕ್ಕಿಗೆ ಹೇಳಿ ಮನೆ ಕಡೆ ನಡೆಯೋನು.

ದಿನಾ ಒಂದೇ ಗೋಗರೆತ ಅವನದು.

"ಅಣ್ಣಾ, ಇವತ್ತು ನೀನು ಹೋಗು. ನಾನು ಕೂತು ಒಂದೇ ಒಂದು ಹೊಡೀತೀನಿ."

"ನಾಳೆ ನೋಡೋಣ ಬಿಡೋ."

ಆ ನಾಳೆ ಬರಲೇ ಇಲ್ಲ.

ಒಂದು ಸಲ ಎಡಚ ತಮಾಷೆಗೆ ಹೊರಗಿಂದ, "ಅಣ್ಣಾ, ಹಾವು!" ಅಂತ ಕಿರುಚಿದ್ದ. ಅಣ್ಣ ಎದ್ದುಬಿದ್ದು ಹೊರಗೆ ಬಂದ, ಹಕ್ಕಿ ಹಾರಿಹೋಯಿತು. ಅಣ್ಣ ಎಂಥ ಬೈಗುಳ ಬೈದ ಅಂತೀರಿ! ಎರಡು ದಿನ ಮಾತೇ ಬಿಟ್ಟ. ಆಮೇಲೆ ಕಡ್ಡಿ ಮುರಿದ ಹಾಗೆ ಹೇಳಿದ: "ಒಂದು ಸಲ ಒಳಗೆ ಕೂತೆ ಅಂದ್ರೆ, ಆಕಾಶ ಕಳಚಿ ಬಿದ್ರೂ ನಾನು ಹೊರಗೆ ಬರಲ್ಲ. ನನ್ನ ಕರೀಬೇಡ."

ಅದಾಗಿ ಹತ್ತೇ ದಿನ. ಎಡಚ ಹೊರಗೆ ಹೋದ. ಹಕ್ಕಿ ಬಂದು ನೀರಲ್ಲಿ ನೆಟ್ಟ ಕಡ್ಡಿ ಮೇಲೆ ಕೂತಿತು. ಚಿನ್ನದಂಥ ಬೆಳಕು. ಅಣ್ಣನ ಬೆರಳು ಶಟರ್ ಮೇಲೆ. ಆಗ ದೂರದಿಂದ ಕೇಳಿತು...

"ಅಣ್ಣಾ!"

ಒಂದೇ ಸಲ. ಮತ್ತೆ ತಮಾಷೆ ಶುರುಮಾಡಿದ ಅಂದುಕೊಂಡ ಅಣ್ಣ. ಅಲ್ಲಾಡಲಿಲ್ಲ. ಹಕ್ಕಿ ಚಳಕ್ ಅಂತ ನೀರಿಗೆ ಬಿತ್ತು, ಮೀನು ಕಚ್ಚಿಕೊಂಡು ಎದ್ದಿತು. ಟಕ್. ಅವನ ಜನ್ಮದಲ್ಲೇ ಅಂಥ ಫೋಟೋ ಬಿದ್ದಿರಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಹೊರಗೆ ಬಂದು ಮನೆಗೆ ಹೊರಟಾಗ, ಹಾಳುಬಾವಿಯ ಕಟ್ಟೆ ಒಂದು ಕಡೆ ಕುಸಿದಿತ್ತು. ಎಡಚನ ಒಂದು ಚಪ್ಪಲಿ ಬಾವಿಯ ಅಂಚಲ್ಲಿ ಬಿದ್ದಿತ್ತು.

ಕೂಗು ಕೇಳಿಸಿತ್ತು ಅಂತ ಅಣ್ಣ ಯಾರಿಗೂ ಹೇಳಲಿಲ್ಲ. "ನನಗೇನೂ ಕೇಳಿಸ್ಲಿಲ್ಲ" ಅಂದ. ದೊಡ್ಡಮ್ಮ, ಅಂದರೆ ಅವನ ತಾಯಿ, ಕಿರಿಮಗನ ಕೊನೆಯ ಬೆಳಗಿನ ಫೋಟೋ ಅಂತ ಅದಕ್ಕೆ ಕಟ್ಟು ಹಾಕಿಸಿ ಸ್ಟುಡಿಯೋ ಗೋಡೆಗೆ ತೂಗುಹಾಕಿಸಿದಳು. ದಿನಾ ಸೆರಗಿಂದ ಒರೆಸೋಳು. ಅದನ್ನು ನೋಡಿದಾಗಲೆಲ್ಲ ಇವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಇಳಿಸೋ ಹಾಗಿಲ್ಲ, ಯಾಕೆ ಅಂತ ಹೇಳೋ ಹಾಗಿಲ್ಲ. ಕೆರೆ ಬಿಟ್ಟ, ಹಕ್ಕಿ ಬಿಟ್ಟ. "ಗಲ್ಲ ಸ್ವಲ್ಪ ಮೇಲೆ, ಕಣ್ಣು ಬಿಡಿ" ಅಂತ ಪಾಸ್‌ಪೋರ್ಟ್ ಫೋಟೋ ತೆಗೀತಾ ಒಂದು ವರ್ಷ ತಳ್ಳಿದ.

ಕೊನೆಗೆ ದೊಡ್ಡಮ್ಮನೇ ಅಂದಳು. "ಆ ಹಕ್ಕಿ ಮತ್ತೆ ಬಂದಿದೆಯಂತೆ ಕಣೋ. ಹೋಗಿ ತೆಗಿ. ನೀನು ಹೀಗೆ ಮೂಲೆ ಹಿಡಿದು ಕೂತ್ರೆ ಅವನಿಗೆ ಸಮಾಧಾನ ಆಗುತ್ತಾ?"

ಅದಕ್ಕೇ ಆ ಬೆಳಗ್ಗೆ ಅವನು ಹೊರಟಿದ್ದು. ಜೊತೆಗೆ ಬರೋರು ಯಾರೂ ಇರಲಿಲ್ಲ. ಇವನೂ ಯಾರನ್ನೂ ಕರೆಯಲಿಲ್ಲ.

ಚರಪ್... ಚರಪ್... ಕೆರೆಯ ಏರಿವರೆಗೂ ಹಿಂದೆ ಬಂತು. ತಿರುಗಿ ನೋಡಲಿಲ್ಲ. ಕುತ್ತಿಗೆ ಮರಗಟ್ಟಿತ್ತು ಅಂತ ಅವನೇ ಹೇಳಿದ. ಪೂರ್ವದಲ್ಲಿ ಕತ್ತಲು ತಿಳಿಯಾಗೋ ಹೊತ್ತಿಗೆ ಮೂಟೆ ಬಿಚ್ಚಿ ಗುಡಾರ ನಿಲ್ಲಿಸಿ, ಒಳಗೆ ಹೊಕ್ಕು, ದಾರವನ್ನು ಒಳಗಿಂದಲೇ ಕಟ್ಟಿಕೊಂಡ. ಒಳಗೆ ಎರಡು ಮಡಚೋ ಸ್ಟೂಲು. ಅಭ್ಯಾಸಬಲ, ಎರಡನ್ನೂ ತಂದು ಬಿಡಿಸಿ ಇಟ್ಟಿದ್ದ. ಒಂದರಲ್ಲಿ ಕೂತ. ಲೆನ್ಸ್ ಚಾಚಿದ.

ಪಕ್ಕದ ಸ್ಟೂಲು ಕಿರ್ ಅಂದಿತು.

ಯಾರೋ ಭಾರ ಹಾಕಿ ಕೂತ ಹಾಗೆ...

"ಯಾರು?" ಅಂದ, ಉಸಿರಲ್ಲೇ.

ಕೆರೆಯ ಆ ಕಡೆ ಹಕ್ಕಿ ಚೀ... ಚೀ... ಅಂತ ಗಾಬರಿಯ ಕೂಗು ಹಾಕಿತು. ಗುಡಾರದಲ್ಲಿ ಯಾರೋ ಇದ್ದಾರೆ ಅಂತ ಅದಕ್ಕೆ ಗೊತ್ತು. ಬರಲ್ಲ.

"ನೀನೇನೋ?" ಅಂತ ಮತ್ತೆ ಪಿಸುಗುಟ್ಟಿದ.

"ಶ್..."

ಕಿವಿಯ ಪಕ್ಕದಲ್ಲೇ. ಗಾಳಿಯಲ್ಲ ಅದು. ಅಲ್ಲಾಡಬೇಡ, ಹಕ್ಕಿ ಹೆದರುತ್ತೆ ಅನ್ನೋ ಶ್. ಅವನೇ ತಮ್ಮನಿಗೆ ನೂರು ಸಲ ಅಂದದ್ದು.

ಎಷ್ಟು ಹೊತ್ತು ಹಾಗೇ ಕೂತಿದ್ದನೋ. ಬೆಳಕು ಬಂತು. ಅದೇ ಬೆಳಕು. ಆಗ ಬಾವಿ ಕಡೆಯಿಂದ ಕೇಳಿತು...

"ಅಣ್ಣಾ!"

ಒಂದೇ ಸಲ.

ಈ ಸಲ ಅಣ್ಣ ಕೂರಲಿಲ್ಲ. ಟ್ರೈಪಾಡ್ ಅಲ್ಲೇ, ಕ್ಯಾಮೆರಾ ಅಲ್ಲೇ. ಒಳಗೆ ಕಟ್ಟಿದ ದಾರ ಕಿತ್ತು, ಬಟ್ಟೆ ಸರಿಸಿ ಓಡಿದ. ಜೊಂಡು ಸರಸರ ಕಾಲು ಕುಯ್ಯುತ್ತಿತ್ತು. "ಬಂದೆ ಕಣೋ, ಬಂದೆ!" ಅಂತ ಕೂಗುತ್ತಾ ಓಡಿದ. ನಲವತ್ತು ದಾಟಿದ ಗಂಡಸು, ಹೊಟ್ಟೆ ಬೇರೆ ಬಂದಿದೆ, ಅಳುತ್ತಾ ಓಡಿದ.

ಎಡಚ ಬಿದ್ದ ಮೇಲೆ ಬಾವಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಬೀಗ ಹಾಗೇ ಇತ್ತು. ಜಾಲರಿ ಮೇಲಿನ ತರಗೆಲೆಯೂ ಕದಲಿರಲಿಲ್ಲ. ಕೆಳಗೆ ನೀರು ನಿಶ್ಚಲ. ಜಾಲರಿ ಹಿಡಿದು ಮಂಡಿಯೂರಿದ. "ತಪ್ಪಾಯ್ತು ಕಣೋ... ಆವತ್ತೂ ಕೇಳಿಸಿತ್ತು" ಅಂದ. ಒಂದು ವರ್ಷ ಗಂಟಲಲ್ಲಿ ಸಿಕ್ಕಿದ್ದ ಮಾತು.

ಆಗ ಹಿಂದಿನಿಂದ, ಕೆರೆಯ ಕಡೆಯಿಂದ...

ಟಕ್.

ಬೆಳಗಿನ ಆ ಮೌನದಲ್ಲಿ ಸ್ಪಷ್ಟವಾಗಿ ಕೇಳಿತು. ಶಟರ್. ಇಪ್ಪತ್ತು ವರ್ಷ ಬಳಸಿದವನಿಗೆ ಅದರ ಸದ್ದು ಗೊತ್ತಾಗಲ್ವಾ?

ಸ್ವಲ್ಪ ಬಿಟ್ಟು ಚಳಕ್. ಹಕ್ಕಿ ನೀರಿಗೆ ಬಿದ್ದ ಸದ್ದು.

ಟಕ್. ಟಕ್.

ಮೆಲ್ಲಗೆ ವಾಪಸ್ ನಡೆದ. ಹೆದರಿಕೆಗಲ್ಲ, ಹಕ್ಕಿ ಹಾರೀತು ಅಂತ! ಫೋಟೋದವರ ಬುದ್ಧಿ ನೋಡಿ. ಹತ್ತಿರ ಹೋದಾಗ ಹಕ್ಕಿ ಹಾರಿ ಹೋಯಿತು. ಗುಡಾರದ ಮುಂದೆ ನಿಂತ. ಅವನು ಕಿತ್ತುಹಾಕಿ ಓಡಿದ್ದ ಬಾಯಿ ಈಗ ಮುಚ್ಚಿತ್ತು. ಹೊರಗಿಂದ ದಾರ ಬಿಗಿದಿತ್ತು. ಕಿವಿಗೊಟ್ಟ. ಒಳಗೆ ಸ್ಟೂಲು ಕಿರ್ ಅಂದಿತು, ಎದ್ದ ಹಾಗೆ... ಆಮೇಲೆ ಏನೂ ಇಲ್ಲ.

ದಾರ ಬಿಚ್ಚಲಿಲ್ಲ, ಕತ್ತರಿಸಿದ. ಒಳಗೆ ಯಾರೂ ಇರಲಿಲ್ಲ. ಕ್ಯಾಮೆರಾದಲ್ಲಿ ಮೂರು ಫೋಟೋ ಇದ್ದವು. ಹಕ್ಕಿ ಕಡ್ಡಿ ಮೇಲೆ. ಹಕ್ಕಿ ನೀರಿಗೆ. ಹಕ್ಕಿ ಮೀನಿನ ಜೊತೆ. ಬೆರಳು ಒತ್ತದೆ ತಾನಾಗೇ ಹೊಡೆಯೋ ಕ್ಯಾಮೆರಾ ಅಲ್ಲ ಅದು.

ಮಧ್ಯಾಹ್ನ ದೊಡ್ಡಮ್ಮನ ಮುಂದೆ ಕೂತು ಎಲ್ಲಾ ಹೇಳಿದ. ಹಿಂದಿನದೂ, ಇವತ್ತಿನದೂ. ನಾನು ಅಲ್ಲೇ ಬಾಗಿಲಲ್ಲಿದ್ದೆ. ಬೈತಾಳೆ, ಎದೆ ಬಡಿದುಕೊಳ್ತಾಳೆ ಅಂದುಕೊಂಡೆ. ಅವಳು ಒಂದೇ ಕೇಳಿದಳು.

"ಎಷ್ಟು ಸಲ ಕೂಗ್ದ?"

"ಒಂದೇ ಸಲ, ಅಮ್ಮ."

"ಪಾಪ... ನೀನು ಬೈತೀಯ ಅಂತ" ಅಂದಳು. ಆಮೇಲೆ ಅತ್ತಳು. ಅಣ್ಣನ ತಲೆ ತೊಡೆ ಮೇಲೆ ಎಳೆದುಕೊಂಡು ಅತ್ತಳು.

ಹಳೇ ಫೋಟೋ ಈಗ ಗೋಡೆ ಮೇಲಿಲ್ಲ, ಅವಳೇ ಇಳಿಸಿದಳು. ಆ ಜಾಗದಲ್ಲಿ ಮೂರನೇ ಫೋಟೋ ಇದೆ. ಗಿರಾಕಿಗಳು ಯಾರು ತೆಗೆದದ್ದು ಅಂತ ಕೇಳಿದರೆ ಅಣ್ಣ, "ನನ್ನ ತಮ್ಮ" ಅಂತಾನೆ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆದರೆ ಕತ್ತರಿಸಿದ ಆ ದಾರ ಸ್ಟುಡಿಯೋ ಡ್ರಾಯರಿನಲ್ಲಿದೆ, ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ. ಬೇಕಾದರೆ ಬೆಳಗ್ಗೆ ಬನ್ನಿ, ತೋರಿಸ್ತೀನಿ. ಗಂಟು ಹಾಗೇ ಇದೆ. ಉಲ್ಟಾ ಸುತ್ತಿದೆ.