ನಾದಿನಿಯ ಮಾತ್ರೆ

ಜಗಳೂರಿನಿಂದ ದಾವಣಗೆರೆಗೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಟೈಲರ್ ಶಾಯಿಸ್ತಾ. ಅವಳ ಪಕ್ಕದಲ್ಲಿ, ಯಾವಾಗಲೂ ಅವಳಿಂದಲೇ ರವಿಕೆ ಹೊಲಿಸುವ ಗಾದ್ರಮ್ಮ.

“ಯಾಕೆ ಹಿಂಗೆ ಒಣಗಿದೀಯೇ ಶಾಯಿಸ್ತಾ?”

“ಥೈರಾಯ್ಡ್ ಅಂತೆ ಅಕ್ಕ. ಎದೆ ಡವಡವ ಅಂತೈತೆ. ಕೈ ನಡುಗಿ ಸೂಜಿಗೆ ದಾರ ಪೋಣಿಸಾಕೆ ಆಗಲ್ಲ.”

“ಅದಕ್ಕೇ ನನ್ನ ರವಿಕೆ ತೋಳು ಹಾವಿನಂಗೆ ಹೋಗೈತೆ! ಮಾತ್ರೆ ತಗೊಂಡ್ಯಾ?”

“ನಾದಿನಿಗೂ ಥೈರಾಯ್ಡೇ ಅಲ್ವಾ, ಅವಳ ಮಾತ್ರೇನೇ ನುಂಗಿದೆ. ಇನ್ನೂ ಜಾಸ್ತಿ ಆತು.”

“ಅಯ್ಯೋ ಹುಚ್ಚಿ! ಅವಳಿಗೆ ಹಾರ್ಮೋನು ಕಮ್ಮಿ ಆಗಿರೋದು, ನಿಂಗೆ ಹೆಚ್ಚಾಗಿರೋದು!”

“ನಮ್ಮ ಡಾಕ್ಟ್ರೂ ಹಂಗೇ ಬೈದು ಅದನ್ನ ಬಿಡಿಸಿದ್ರು. ದಾವಣಗೆರೆ ಹಾರ್ಮೋನ್ ಡಾಕ್ಟ್ರಿಗೆ ಚೀಟಿ ಕೊಟ್ಟಾರೆ. ಕತ್ತು ಕುಯ್ತಾರೇನೋ ಅಂತ ಭಯ ಅಕ್ಕ. ವಾಪಸ್ ಹೋಗಿಬಿಡಾನ ಅನ್ಸತೈತೆ.”

“ಎಲ್ಲರಿಗೂ ಕುಯ್ಯಲ್ಲ ಕಣೆ. ನಮ್ಮ ಅತ್ತಿಗೆಗೂ ನಿನ್ನಂಗೇ ಹೆಚ್ಚಾಗಿತ್ತು, ಬರೀ ಮಾತ್ರೇಲೇ ಹತೋಟಿಗೆ ಬಂತು.”

ಶಾಯಿಸ್ತಾ ಡಾಕ್ಟರ ಚೀಟಿಯನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಳು. ಬಿಳಿಚೋಡು ಬಂತು, ನಾನು ಇಳಿಯಲು ಎದ್ದೆ.

“ಗಾದ್ರಮ್ಮಾ, ನಿಮ್ಮೂರು, ಇಳೀರಿ,” ಎಂದ ಕಂಡಕ್ಟರ್.

“ನಂಗೂ ದಾವಣಗೆರೆಗೆ ಟಿಕೆಟ್ ಕೊಡಪ್ಪ,” ಎಂದರು ಗಾದ್ರಮ್ಮ. “ಡಾಕ್ಟ್ರು ಹೇಳಿದ್ದನ್ನ ಕೇಳಿಸ್ಕಳಾಕೆ ಇವಳ ಜತೆ ಒಬ್ರು ಬೇಕು.”

ಬಸ್ಸು ಅವರಿಬ್ಬರನ್ನೂ ಕರೆದುಕೊಂಡು ಹೊರಟಿತು.