ಎರಡರ ಗತಿ ಏನು?

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆ ನಗೆಪಾಟಲು. ಪ್ರಶ್ನೆ ಹುಟ್ಟುವ ಮುನ್ನ ಉತ್ತರ ಹೊಲಿಸಿಟ್ಟರೆ ಡಾಕ್ಟರೇಟು. ನಂಬಿ, ಇದು ನಡೆದದ್ದೇ. ಗಣಿತ ವಿಭಾಗದ ಬಾಗಿಲಲ್ಲಿ ಸ್ಟೂಲು ಹಾಕಿ ಕೂತಿದ್ದ ಜವಾನ ಕಿವಿಯಾರೆ ಕೇಳಿದ. ಒಳಗೆ ವೈವಾ ನಡೆಸುವ ಪರೀಕ್ಷಕರು ಫೈಲು ಬಿಡಿಸುತ್ತಿದ್ದರು. ಹೊರಗಿನ ಬೆಂಚಿನ ಮೇಲೆ, ಸಂಖ್ಯೆಗಳಿಗೆ ಬೆಲೆ ಕಟ್ಟುವ, ಗಣಿತದವರು ಕ್ಯಾರೆಕ್ಟರು ಅನ್ನುವ ಸೂತ್ರಗಳ ಮೇಲೆ ಐದು ವರ್ಷ ಬರೆದ ಪ್ರಬಂಧವನ್ನು ತಬ್ಬಿಕೊಂಡು ಒಬ್ಬ ಹುಡುಗಿ. ಪಕ್ಕದಲ್ಲಿ ಅವಳ ಗೆಳತಿ.

"ಎರಡು ಅನ್ನೋ ಸಂಖ್ಯೆ ಬಗ್ಗೆ ಕೇಳಿದ್ರೆ ಸತ್ತೆ ಕಣೇ. ಹೋದ ಸೆಮಿನಾರಲ್ಲಿ ಅಲ್ಲೇ ಬಾಯಿ ಕಟ್ಟಿತ್ತು."

"ಅಷ್ಟೊಂದು ಅವಿಭಾಜ್ಯ ಸಂಖ್ಯೆ ಇರುವಾಗ ಅದನ್ನೇ ಯಾಕೆ ಕೇಳ್ತಾರೆ?"

"ಅವಿಭಾಜ್ಯಗಳಲ್ಲಿ ಸಮಸಂಖ್ಯೆ ಅದೊಂದೇ, ಎಲ್ಲರೂ ಮರೆಯೋದು ಅದನ್ನೇ. ಅದಕ್ಕೇ ಕೇಳ್ತಾರೆ."

"ಕಣ್ಣು ಮುಚ್ಚಿಕೊಂಡು ಕೂತಿರು, ನೀರು ತರ್ತೀನಿ."

ಸ್ವಲ್ಪ ಹೊತ್ತಿಗೆ ಹುಡುಗಿಯ ಬೆನ್ನ ಹಿಂದೆ ಎರಡು ಸಲ ಕೆಮ್ಮು, ಆಮೇಲೆ ಹಿರಿಯ ಪರೀಕ್ಷಕರ ಮೂಗಿನ ದನಿ.

"ಏನಮ್ಮಾ, ನಿಮ್ಮ ಕ್ಯಾರೆಕ್ಟರಿಗೆ ಎರಡರಲ್ಲಿ ಏನಾಗುತ್ತೆ?"

ಹುಡುಗಿ ಮುಚ್ಚಿದ ಕಣ್ಣಲ್ಲೇ ಎದ್ದು ನಿಂತಳು.

"ಸೊನ್ನೆ ಸರ್. ನಾಲ್ಕರಿಂದ ಭಾಗಿಸಿ ಒಂದು ಉಳಿದ್ರೆ ಬೆಲೆ ಒಂದು, ಮೂರು ಉಳಿದ್ರೆ ಮೈನಸ್ ಒಂದು, ಸಮಸಂಖ್ಯೆಗೆ ಸೊನ್ನೆ. ಎರಡನ್ನ ಬಿಟ್ಟಿಲ್ಲ ಸರ್, ಬೇರೆಯಾಗೇ ಸಾಧಿಸಿದ್ದೀನಿ."

"ಅಬೀಲಿಯನ್ ಅಂದ್ರೆ?"

"ಯಾವುದನ್ನ ಮೊದಲು ಗುಣಿಸಿದ್ರೂ ಉತ್ತರ ಅದೇ ಸರ್."

"ಹಾಗಾದ್ರೆ ನೀರು ಮೊದಲೋ, ವೈವಾ ಮೊದಲೋ?"

ಹುಡುಗಿ ತಿರುಗಿದಳು. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ತನ್ನ ಮೂಗು ಹಿಡಿದು ಗೆಳತಿ ನಿಂತಿದ್ದಳು.

"ಥೂ ಕೋತಿ. ನಾನು ಹೇಳಿಬಿಟ್ಟೆ ಅಲ್ವಾ?"

"ಒಂಚೂರೂ ತಡವರಿಸಲಿಲ್ಲ ನೀನು."

ಅಷ್ಟರಲ್ಲಿ ಒಳಗಿನಿಂದ ಹಿರಿಯ ಪರೀಕ್ಷಕರ ನಿಜವಾದ ಕೆಮ್ಮು ಬಂತು, ಎರಡೇ ಸಲ. ಜವಾನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ, ಗೆಳತಿ ಗೋಡೆ ಹಿಡಿದು ನಕ್ಕಳು. ಬಾಗಿಲು ತಳ್ಳಿಕೊಂಡು ಒಳಗೆ ಹೋದ ಹುಡುಗಿಯ ನಗುವೇ ಎಲ್ಲಕ್ಕಿಂತ ಜೋರಾಗಿತ್ತು.